ಮಾಮೂಲಿ ನರ್ಸರಿಗೆ ಸೇರಿಸಲಾ, ಬರೀ ಥೆರಪಿ ಮಾಡಿಸಲಾ? ಅನುಭವ ಇದ್ದವರು ಹೇಳಿ

ತುಮಕೂರಿನ ಅಮ್ಮ:
ಮಗನಿಗೆ 3 ವರ್ಷ 2 ತಿಂಗಳು. ಆಟಿಸಂ ಅಂತ ಹೋದ ತಿಂಗಳು ಗೊತ್ತಾಯಿತು. ಏಳೆಂಟು ಪದ ಹೇಳುತ್ತಾನೆ. ಹತ್ತಿರದ ನರ್ಸರಿಯವರು ಎಲ್ಲರ ಜೊತೆ ಕೂರಿಸಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಸೇರಿಸಲಾ?

ವಿಜಯನಗರದ ಅಪ್ಪ:
ನಾವೂ 'ಇನ್‌ಕ್ಲೂಸಿವ್', ಅಂದರೆ ಎಲ್ಲ ಮಕ್ಕಳೂ ಒಟ್ಟಿಗೆ, ಅನ್ನೋ ಬೋರ್ಡ್ ನೋಡಿಯೇ ಬಿದ್ದಿದ್ದು. ಫೀಸು 85,000. ಎರಡನೇ ವಾರಕ್ಕೆ 'ಶ್ಯಾಡೋ ನೀವೇ ತನ್ನಿ' ಅಂದರು, ಅಂದರೆ ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಇದ್ದು ನೋಡಿಕೊಳ್ಳುವವರು. ಏಜೆನ್ಸಿಗೆ ತಿಂಗಳಿಗೆ 18,000. ವಾರಕ್ಕೆ ಮೂರು ಒಟಿ (ದಿನನಿತ್ಯದ ಕೆಲಸ ಕಲಿಸುವ ಥೆರಪಿ), ಎರಡು ಸ್ಪೀಚ್ ಥೆರಪಿ, ಒಂದೊಂದಕ್ಕೂ 900. ಆಟೋ ಬೇರೆ. ಸರ್ಕಾರದ ನಿರಾಮಯ ಆರೋಗ್ಯ ವಿಮೆ ಹೆಸರಿಗೆ 1 ಲಕ್ಷ, ಆದರೆ ಥೆರಪಿಗೆ ಒಳಗೇ ಬೇರೆ ಮಿತಿ. ಡಿಸೆಂಬರಿನಲ್ಲಿ ಒಂದು ದಿನ ಹೇಳದೇ ಹೋದೆ. ಮಕ್ಕಳೆಲ್ಲ ದುಂಡಗೆ ಕೂತು ಹಾಡುತ್ತಿದ್ದರು. ನನ್ನ ಮಗ ಬಾಗಿಲ ಹತ್ತಿರ ಅವರ ಶೂಗಳನ್ನೆಲ್ಲ ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸುತ್ತಿದ್ದ. ಶ್ಯಾಡೋ ಕೈಯಲ್ಲಿ ಮೊಬೈಲ್. ಅವತ್ತೇ ಬಿಡಿಸಿದೆ. ಒಂದು ಪೈಸೆ ವಾಪಸ್ ಬರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಉಚಿತ ಶಿಕ್ಷಣ 6 ವರ್ಷದಿಂದ. ಡಾಕ್ಟರ್ ಬೇಗ ಬೇಗ ಅನ್ನೋದು 3ಕ್ಕೆ, ಕಾನೂನು ಕಣ್ಣು ಬಿಡೋದು 6ಕ್ಕೆ!

ಹಾಸನದವಳು:
ಬೋರ್ಡ್ ನಂಬಿದ್ದು ನಿಮ್ಮ ತಪ್ಪು ಸರ್. ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೆ ಹೋದೆ. ಬೋಗಾದಿಯಲ್ಲಿ ಒಂದು ರೂಮು, ಬಾಡಿಗೆ 4,500, ನೀರು ದಿನ ಬಿಟ್ಟು ದಿನ. ಯಜಮಾನರು ಶನಿವಾರ ರಾತ್ರಿ ಬಂದು ಭಾನುವಾರ ಹೋಗುತ್ತಿದ್ದರು. ಅಲ್ಲಿ ಅಮ್ಮಂದಿರೂ ಕೂತು ಕಲಿಯಬೇಕು. ಲೋಟ ಕೈಯಲ್ಲಿ ಹಿಡಿದು ಮಗಳು ಕೇಳುವ ತನಕ ಸುಮ್ನೆ ಕಾಯೋದು, ಅದೊಂದೇ ಏಳು ತಿಂಗಳು ಮಾಡಿದೆ. ಒಂದು ದಿನ 'ನೀಯು' ಅಂದಳು. ಮನೇಲಿ ನೀವೇನು ಮಾಡಿದಿರಿ?

ವಿಜಯನಗರದ ಅಪ್ಪ:
ಎಲ್ಲರಿಗೂ ಊರು ಬಿಟ್ಟು ರೂಮು ಮಾಡೋಕೆ ಆಗುತ್ತಾ ಮೇಡಂ? ಇಬ್ಬರ ಸಂಬಳದಲ್ಲೂ ಇಎಂಐ ಹೋಗುತ್ತೆ.

ಧಾರವಾಡದ ಅಮ್ಮ:
ಜಗಳ ಬಿಡಿ. ನಮಗೆ ಒಬ್ಬ ಥೆರಪಿಸ್ಟ್ ಮನೇಲಿ ಇಂಗ್ಲಿಷ್ ಮಾತ್ರ ಆಡಿ ಅಂದರು. ಇಂಗ್ಲಿಷ್ ಬಾರದ ಅತ್ತೆ ಒಂದು ವರ್ಷ ಮೊಮ್ಮಗನ ಹತ್ತಿರ ಬಾಯೇ ಬಿಡಲಿಲ್ಲ. ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದರು. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಕೆಡಲ್ಲ ಅಂತ ಆಮೇಲೆ ಇನ್ನೊಬ್ಬರು ಹೇಳಿದರು. ಆ ವರ್ಷ ಯಾರು ವಾಪಸ್ ಕೊಡ್ತಾರೆ?

ಹಾಸನದವಳು:
ಶಾಲೆಯಲ್ಲಿ ಇಂಗ್ಲಿಷೇ ತಾನೇ? ಥೆರಪಿಸ್ಟ್ ಹೇಳಿದ್ದರಲ್ಲಿ ತಪ್ಪೇನು?

ಧಾರವಾಡದ ಅಮ್ಮ:
ನಿಮ್ಮ ಮಗಳು 'ನೀಯು' ಅಂದಿದ್ದು ಯಾವ ಭಾಷೆ ರೀ?

ಶ್ಯಾಡೋ ಕೆಲಸದವಳು:
ವಿಜಯನಗರದ ಸರ್, ನಿಮ್ಮ 18,000ದಲ್ಲಿ ನಮ್ಮಂಥವರ ಕೈಗೆ ಬರೋದು 11,000. ರಜೆ ಬಂದರೆ ಅದೂ ಕಟ್. ಕಚ್ಚಿದ ಗುರುತು ಮೊಣಕೈ ತನಕ ಇದೆ. ಒಂದು ದಿನ ನೋಡಿ ತೀರ್ಪು ಕೊಡಬೇಡಿ.

ವಿಜಯನಗರದ ಅಪ್ಪ:
ದಸರಾ ರಜೆಗೂ ನಾನು ಪೂರ್ತಿ ಕೊಟ್ಟಿದ್ದೇನೆ.

ಶ್ಯಾಡೋ ಕೆಲಸದವಳು:
ಏಜೆನ್ಸಿಗೆ ಕೊಟ್ಟಿರಿ. ಅವಳಿಗೆ ಸಿಕ್ಕಿತಾ ಅಂತ ಕೇಳಿದಿರಾ?