'ಇನ್ ಕ್ಯಾಮೆರಾ' ವಿಚಾರಣೆಯಲ್ಲಿ ಕ್ಯಾಮೆರಾ ಎಲ್ಲಿದೆ?

ಪ್ರಶ್ನೆ:
ಪೇಪರಿನಲ್ಲಿ 'ಇನ್ ಕ್ಯಾಮೆರಾ ವಿಚಾರಣೆ' ಅಂತ ಬರುತ್ತದಲ್ಲ, ಅದನ್ನು ನಾನು ಇಷ್ಟು ವರ್ಷ ವಿಡಿಯೊ ರೆಕಾರ್ಡಿಂಗ್ ಅಂದುಕೊಂಡಿದ್ದೆ. ನಿನ್ನೆ ಲಾಯರ್ ಆಗಿರುವ ನಮ್ಮ ಭಾವ ಕೇಳಿ ಬಿದ್ದು ಬಿದ್ದು ನಕ್ಕರು. ಬಾಗಿಲು ಮುಚ್ಚಿ ನಡೆಸುವ ವಿಚಾರಣೆಯಂತೆ. ಲ್ಯಾಟಿನ್ ಪದ ಅಂದವರು ಮುಂದೆ ಬಾಯಿ ಬಿಡಲಿಲ್ಲ. ಗೊತ್ತಿದ್ದವರು ಹೇಳಿ.

ಉತ್ತರ 1:
ಭಾವ ಹೇಳಿದ್ದು ಸರಿ. ಅತ್ಯಾಚಾರ ಪ್ರಕರಣಗಳು ಹೀಗೇ ನಡೆಯಬೇಕು ಅಂತ ಕಾನೂನಿನಲ್ಲೇ ಇದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 327, ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನ ಸೆಕ್ಷನ್ 366.

ಉತ್ತರ 2:
ಪದದ ಕಥೆ ನಾನು ಹೇಳುತ್ತೇನೆ. ಗ್ರೀಕಿನಲ್ಲಿ 'ಕಮರಾ' ಅಂದರೆ ಕಮಾನಿನ ಚಾವಣಿ. ರೋಮಿನವರ ಬಾಯಲ್ಲಿ ಅದು 'ಕಮೆರ' ಆಯಿತು. ನಡುವಿನ 'ಮ' ಯಾಕೆ 'ಮೆ' ಆಯಿತು ಅಂದರೆ, ಹಳೆಯ ಲ್ಯಾಟಿನ್‌ನಲ್ಲಿ ಪದದ ನಡುವಿನ ಗಿಡ್ಡ ಸ್ವರ ಸವೆಯುತ್ತಿತ್ತು, ಮುಂದೆ 'ರ' ಇದ್ದರೆ 'ಎ' ಆಗುತ್ತಿತ್ತು. ಆಮೇಲೆ ಅರ್ಥವೂ ಚಾವಣಿಯಿಂದ ಕೆಳಗಿಳಿದು ಬರೀ ಕೋಣೆ ಆಯಿತು.

ಇನ್ನು ವ್ಯಾಕರಣ. ಪದ ಸ್ತ್ರೀಲಿಂಗ. ಪ್ರಥಮಾ ವಿಭಕ್ತಿ 'ಕಮೆರ', ಕೊನೆ ಹ್ರಸ್ವ. 'ಇನ್ ಕಮೆರಾ' ಅಂದಾಗ ಕೊನೆ ದೀರ್ಘ. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕನ್ನಡದಲ್ಲಿ ಬರೆದರೆ ಮಾತ್ರ ತಟ್ಟನೆ ಗೊತ್ತಾಗುತ್ತದೆ, ಅಲ್ವಾ? ಆ ದೀರ್ಘವೇ ಪಂಚಮಿಯ ಗುರುತು. ಲ್ಯಾಟಿನ್‌ನಲ್ಲಿ ಪಂಚಮಿ ನಮ್ಮ ಸಪ್ತಮಿಯ ಕೆಲಸವನ್ನೂ ಮಾಡುತ್ತದೆ, ಹಾಗಾಗಿ 'ಇನ್ ಕಮೆರಾ' ಅಂದರೆ ಕೋಣೆಯಲ್ಲಿ. ಅದೇ 'ಇನ್ ಕಮೆರಮ್' ಅಂದರೆ ದ್ವಿತೀಯಾ, ಕೋಣೆಯೊಳಕ್ಕೆ ಅಂತ. ನಾವು 'ಅಲ್ಲಿ', 'ಒಳಕ್ಕೆ' ಅಂತ ಬೇರೆ ಬೇರೆ ಹಚ್ಚುವುದನ್ನು ಅವರು ಪದದ ಬಾಲ ಬದಲಿಸಿ ಮುಗಿಸುತ್ತಾರೆ.

ಪ್ರಶ್ನೆ ಕೇಳಿದವರು:
ವಾಹ್. ಹಾಗಾದರೆ ಫೋಟೊ ತೆಗೆಯುವ ಕ್ಯಾಮೆರಾ?

ಉತ್ತರ 2:
ಅದೂ ಕೋಣೆಯೇ! ಕತ್ತಲ ಕೋಣೆಯ ಗೋಡೆಗೆ ಸಣ್ಣ ತೂತು ಮಾಡಿದರೆ ಹೊರಗಿನ ಮರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಇದಕ್ಕೆ 1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ 'ಕಮೆರ ಒಬ್ಸ್‌ಕೂರ' ಅಂದ, ಕತ್ತಲ ಕೋಣೆ. ಕಮೆರ ಸ್ತ್ರೀಲಿಂಗ ಆದ್ದರಿಂದ ವಿಶೇಷಣವೂ 'ಒಬ್ಸ್‌ಕೂರ'. ಆಮೇಲೆ ಕೋಣೆ ಪೆಟ್ಟಿಗೆಯಾಯಿತು, ಕತ್ತಲು ಉದುರಿತು, ಕ್ಯಾಮೆರಾ ಉಳಿಯಿತು.

ಉತ್ತರ 3:
ಹಿಂದಿಯ 'ಕಮ್ರಾ' ಕೂಡ ಇದೇ, ಪೋರ್ಚುಗೀಸರ ಮೂಲಕ ಬಂದದ್ದು. ಕಾಮ್ರೇಡ್ ಕೂಡ ಇದರ ನೆಂಟ. ಸ್ಪ್ಯಾನಿಷ್‌ನಲ್ಲಿ ಒಂದೇ ಕೋಣೆ ಹಂಚಿಕೊಂಡವನು, ನಮ್ಮ ಮಾತಲ್ಲಿ ರೂಮ್‌ಮೇಟ್.

ಉತ್ತರ 1:
ಅದೆಲ್ಲ ಸರಿ, ಪೇಪರಿನವರು ಸುಮ್ನೆ 'ಗೋಪ್ಯ ವಿಚಾರಣೆ' ಅಂತ ಬರೆದಿದ್ದರೆ ಇವರು ಭಾವನ ಮುಂದೆ ನಗೆಪಾಟಲಾಗುತ್ತಿರಲಿಲ್ಲ.