ಹರಾಜಿಗೆ ಬಂದಿರುವ ಕಾಲ್ಡರ್ ತೂಗುಶಿಲ್ಪ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಸಣ್ಣ ಹರಾಜು ಮನೆಯೊಂದರ ಪಟ್ಟಿಯಲ್ಲಿ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರದೆನ್ನಲಾದ, ಗಾಳಿಗೆ ತಿರುಗುವ ಚಿಕ್ಕ ತೂಗುಶಿಲ್ಪವಿದೆ. ತಂತಿಗಳ ತುದಿಯಲ್ಲಿ ಕೆಂಪು, ಕಪ್ಪು ಲೋಹದ ಎಲೆಗಳು. ಭಾರತದಿಂದ ಬಂದದ್ದು ಎನ್ನುತ್ತಾರೆ. ಅಂದಾಜು ಬೆಲೆ ನನ್ನ ಕೈಗೆ ಎಟುಕುವಂತಿದೆ. ಕೂಗುವ ಮುನ್ನ ಏನು ನೋಡಬೇಕು?

ಉತ್ತರ: ಬೆಲೆ ಎಟುಕುತ್ತದೆ ಎಂದಿರಲ್ಲ, ನನಗೆ ಅಲ್ಲೇ ಅನುಮಾನ. ಕಾಲ್ಡರ್ ಅವರ 1957ರ ತೂಗುಶಿಲ್ಪ ‘ಹಾರುವ ಮೀನು’ 2014ರಲ್ಲಿ ನ್ಯೂಯಾರ್ಕಿನ ಹರಾಜು ಮನೆ ಕ್ರಿಸ್ಟೀಸ್‌ನಲ್ಲಿ ಸುಮಾರು 2.59 ಕೋಟಿ ಡಾಲರಿಗೆ ಹೋಯಿತು. ಪುಟ್ಟ ಕೃತಿಗಳೂ ಲಕ್ಷಾಂತರ ಡಾಲರ್ ಮುಟ್ಟುತ್ತವೆ. ಪಟ್ಟಿಯ ಪದಗಳನ್ನು ಬಿಡಿಬಿಡಿಯಾಗಿ ಓದಿ. ‘ಕಾಲ್ಡರ್ ಕೃತಿ’ ಎಂದರೆ ಹರಾಜು ಮನೆ ಹೊಣೆ ಹೊರುತ್ತದೆ. ‘ಕಾಲ್ಡರ್ ಅವರದೆನ್ನಲಾದ’, ‘ಕಾಲ್ಡರ್ ಶೈಲಿಯ’ ಎಂದರೆ ಹೊರುವುದಿಲ್ಲ. ಅವರ ಕೃತಿಗಳ ದಾಖಲೆ ಇಡುವ ನ್ಯೂಯಾರ್ಕಿನ ಕಾಲ್ಡರ್ ಫೌಂಡೇಶನ್ ಅಸಲಿ ಎಂದು ಪ್ರಮಾಣಪತ್ರ ಕೊಡುವುದಿಲ್ಲ, ಆದರೆ ತನ್ನ ದಾಖಲೆಗೆ ಸೇರಿಸಿಕೊಂಡ ಕೃತಿಗೆ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಇದೆಯೇ ಎಂದು ಬರಹದಲ್ಲೇ ಕೇಳಿ. ಎಲೆಯ ಮೇಲಿನ ‘ಸಿಎ’ ಎಂಬ ಕಾಲ್ಡರ್ ಅವರ ಸಹಿಯ ಗುರುತನ್ನು ಮಾತ್ರ ನಂಬಬೇಡಿ. ನಕಲು ಮಾಡುವವರು ಮೊದಲು ಹಾಕುವುದೇ ಅದನ್ನು.

ಉತ್ತರ: ಭಾರತದ ಕಥೆಯನ್ನು ಒಮ್ಮೆಗೇ ತಳ್ಳಿಹಾಕಬೇಡಿ. 1955ರಲ್ಲಿ ಉದ್ಯಮಿಗಳಾದ ಸಾರಾಭಾಯಿ ಕುಟುಂಬದ ಆಹ್ವಾನದ ಮೇಲೆ ಕಾಲ್ಡರ್ ಅಹಮದಾಬಾದಿಗೆ ಬಂದು ಅಲ್ಲಿಯೇ ಕೃತಿಗಳನ್ನು ರಚಿಸಿದ್ದರು. ಆದರೆ ಈ ಸಂಗತಿ ಎಲ್ಲರಿಗೂ ಗೊತ್ತಿರುವುದರಿಂದಲೇ ಸುಳ್ಳು ಹೆಣೆಯಲು ಅನುಕೂಲ. ಯಾರ ಕೈಯಿಂದ ಯಾರ ಕೈಗೆ, ಯಾವ ವರ್ಷ ಹೋಯಿತು ಎಂಬ ಕಾಗದಗಳು, ಹಳೆಯ ಫೋಟೊಗಳು ಬೇಕೇ ಬೇಕು.

ಉತ್ತರ: ನಾನು ಲೋಹಶಿಲ್ಪಗಳ ದುರಸ್ತಿ, ಸಂರಕ್ಷಣೆಯ ಕೆಲಸದಲ್ಲಿದ್ದೇನೆ. ದಯವಿಟ್ಟು ಫೋಟೊ ನೋಡಿ ಕೂಗಬೇಡಿ. ಕಾಲ್ಡರ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ನಿಮ್ಮ ನ್ಯೂಜೆರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲೇ, 1919ರಲ್ಲಿ ಪದವಿ. ಅವರ ಕೃತಿಯ ಜೀವ ಸಮತೋಲದಲ್ಲಿದೆ. ತುದಿಯ ಚಿಕ್ಕ ಎಲೆಯಿಂದ ಶುರು ಮಾಡಿ, ಪ್ರತಿ ತಂತಿಯ ತೂಗುಬಿಂದುವನ್ನು ಹುಡುಕುತ್ತಾ ಮೇಲೇರುತ್ತಿದ್ದರು. ಒಂದು ಕೊಂಡಿ ಕೂದಲೆಳೆಯಷ್ಟು ಸರಿದರೂ ಕೆಳಗಿನದೆಲ್ಲ ವಾಲುತ್ತದೆ. ಆದ್ದರಿಂದ ನೇತುಹಾಕಿ ನೋಡಲು ಬಿಡಿ ಎಂದು ಕೇಳಿ. ಆಗದಿದ್ದರೆ ವಿಡಿಯೊ ತರಿಸಿಕೊಳ್ಳಿ. ಫ್ಯಾನ್ ಬೇಡ, ಬಾಗಿಲು ತೆರೆದರೆ ಬರುವ ಗಾಳಿ ಸಾಕು. ಒಂದೊಂದು ತಂತಿಯೂ ತನ್ನಷ್ಟಕ್ಕೆ ತಿರುಗಬೇಕು, ಎಲೆಗಳು ಒಂದಕ್ಕೊಂದು ತಾಗಬಾರದು.

ಆಮೇಲೆ ಭೂತಗನ್ನಡಿ ಹಿಡಿದು ತಂತಿ ತಂತಿಗೆ ಸಿಕ್ಕುವ ಕೊಂಡಿಗಳನ್ನು ನೋಡಿ. ದಶಕಗಳ ಕಾಲ ತಿರುಗಿದ ಕೊಂಡಿಯ ಒಳಬದಿಯಲ್ಲಿ ಬಣ್ಣ ಸವೆದು, ಬಿದಿಗೆ ಚಂದ್ರನಂತೆ ಬರಿಲೋಹ ಹೊಳೆಯುತ್ತದೆ. ಅಲ್ಲಿಯೂ ಬಣ್ಣ ದಪ್ಪಗೆ ಕೂತಿದ್ದರೆ ಇತ್ತೀಚೆಗೆ ಬಳಿದಿದ್ದಾರೆ ಎಂದೇ ಅರ್ಥ. ಮೂಲ ಬಣ್ಣ ಮಾಸಿದ್ದರೂ ಪರವಾಗಿಲ್ಲ. ಪೂರ್ತಿ ಹೊಸದಾಗಿ ಬಳಿದದ್ದನ್ನು ನಾನಂತೂ ಕೊಳ್ಳಲು ಹೇಳುವುದಿಲ್ಲ. ಚಂದ ಮಾಡುತ್ತೇವೆಂದು ಹೊರಟು ಕಲಾವಿದನ ಕೈಯನ್ನೇ ಅಳಿಸಿಬಿಡುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಉತ್ತರ: ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿ. ಕೂಗು ನಿಂತ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಹಲವೆಡೆ ಶೇ 25ರ ಆಸುಪಾಸು ಬೀಳುತ್ತದೆ. ತೆರಿಗೆ, ಸಾಗಣೆ, ವಿಮೆ ಬೇರೆ. ಮನೆಯಲ್ಲಿ ಜಿಪ್ಸಮ್ ಬೋರ್ಡಿಗೆ ಕೊಕ್ಕೆ ಹೊಡೆಯಬೇಡಿ, ಮೇಲಿನ ಗಟ್ಟಿ ತೊಲೆಗೇ ಹೊಡೆಸಿ. ಶಿಲ್ಪ ಪೂರ್ತಿ ತಿರುಗಿದಾಗ ಬೇಕಾಗುವ ಸುತ್ತಲಿನ ಜಾಗವನ್ನು ಅಳೆದುಕೊಳ್ಳಿ.

ಉತ್ತರ: ಕಾಗದಪತ್ರ ಹೊಂದದಿದ್ದರೆ ಬಿಟ್ಟುಬಿಡಿ. ಗಾಳಿಗೆ ಚಲಿಸುವ ಶಿಲ್ಪವೇ ನಿಮ್ಮ ಆಸೆಯಾದರೆ ಅಮೆರಿಕದ ಇನ್ನೊಬ್ಬ ಶಿಲ್ಪಿ ಜಾರ್ಜ್ ರಿಕಿ ಅವರ ಸ್ಟೇನ್‌ಲೆಸ್ ಸ್ಟೀಲ್ ಕೃತಿಗಳನ್ನು ನೋಡಿ. ಅಗ್ಗವೇನಲ್ಲ, ಆದರೆ ಕಾಲ್ಡರ್‌ಗಿಂತ ಬಹಳ ಕಡಿಮೆ ಬೆಲೆಗೆ ಹರಾಜಿಗೆ ಬರುತ್ತವೆ.