ಹುಡುಗ ಕಪುಚಿನ್ ಸಭೆಗೆ ಸೇರುತ್ತೇನೆ ಅಂದಿದ್ದಕ್ಕೆ

ಅಕ್ಕಾ, ಭಾವ, ನಿಮ್ಮಿಬ್ಬರ ವಾಯ್ಸ್ ಮೆಸೇಜೂ ಕೇಳಿದೆ. ಬಸ್ಸಲ್ಲಿ ಗಲಾಟೆ, ಅದಕ್ಕೆ ಟೈಪ್ ಮಾಡುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ. ಹುಡುಗನಿಗೆ ಕೆಲಸ ಸಿಕ್ಕಿ ಇನ್ನೂ ವರ್ಷ ಆಗಿಲ್ಲ, ಆಗಲೇ ಕಪುಚಿನ್ ಸಭೆಗೆ, ಅಂದ್ರೆ ಸಂತ ಫ್ರಾನ್ಸಿಸರ ದಾರಿ ಹಿಡಿದ ಕ್ಯಾಥೊಲಿಕ್ ಸನ್ಯಾಸಿಗಳ ಸಭೆಗೆ ಹೋಗುತ್ತೇನೆ ಅಂತಾನೆ, ಅದೂ ಪೂಜೆ ಅರ್ಪಿಸುವ ಫಾದರ್ ಆಗಲ್ವಂತೆ, ಬರೀ ವ್ರತ ತೊಟ್ಟ ಬ್ರದರ್ ಆಗಿಯೇ ಇರುತ್ತಾನಂತೆ, ಬೇಡ ಅನ್ನೋದಾ ಹೂಂ ಅನ್ನೋದಾ ಅಂತ ತಾನೇ ನಿಮ್ಮ ಪ್ರಶ್ನೆ?

ಅಕ್ಕಾ, 'ಬರೀ ಬ್ರದರ್' ಅಂತ ಎಷ್ಟು ಸಲ ಅಂದೆ! ಸಂತ ಫ್ರಾನ್ಸಿಸರೇ ಫಾದರ್ ಆಗಲಿಲ್ಲ ಕಣೆ. ಫಾದರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ ಆಗಿದ್ದರು ಅಷ್ಟೇ, 1226ರಲ್ಲಿ ತೀರಿಕೊಳ್ಳುವ ತನಕ. ಅಸ್ಸಿಸಿಯ ಬಟ್ಟೆ ವ್ಯಾಪಾರಿ ಮಗ, ಬಿಷಪ್ ಎದುರಿಗೇ ಮೈಮೇಲಿನ ಬಟ್ಟೆ ಬಿಚ್ಚಿ ಅಪ್ಪನ ಕೈಗೆ ಕೊಟ್ಟು ಹೊರಟವರು. ಭಾವ, ನಮ್ಮವನು ಇನ್ನೂ ಆ ಮಟ್ಟಕ್ಕೆ ಹೋಗಿಲ್ಲ, ಸಮಾಧಾನ ಮಾಡಿಕೊಳ್ಳಿ.

ಈಗಲೇ ಹೂಂ, ಉಹೂಂ ಅನ್ನುವ ಅವಸರ ಯಾರಿಗೂ ಇಲ್ಲ. ಮೊದಲು ಹೋಗಿ ಅವರ ಜೊತೆ ಇದ್ದು ಬರೋದು. ಆಮೇಲೆ ನೊವಿಶಿಯೇಟ್, ಅಂದ್ರೆ ವ್ರತಕ್ಕೆ ಮುಂಚಿನ ತರಬೇತಿ, ಕಡಿಮೆ ಅಂದ್ರೂ 12 ತಿಂಗಳು, ಆಗ ಯಾವತ್ತು ಬೇಕಾದರೂ ಎದ್ದು ಬರಬಹುದು. ಅದಾದ ಮೇಲೂ ಬಡತನ, ಬ್ರಹ್ಮಚರ್ಯ, ವಿಧೇಯತೆಯ ತಾತ್ಕಾಲಿಕ ವ್ರತ, ಕನಿಷ್ಠ 3 ವರ್ಷ. ಆ ಅವಧಿ ಮುಗಿದಾಗ ಬಿಟ್ಟು ಬಂದರೆ ಯಾರೂ ತಡೆಯಲ್ಲ. ಅವನು ಅವರನ್ನ ನೋಡುತ್ತಾನೆ, ಅವರೂ ಇವನನ್ನ ಅಳೆಯುತ್ತಾರೆ, ಬೇಡ ಅನ್ನಿಸಿದರೆ ಅವರೇ ಮನೆಗೆ ಕಳಿಸುತ್ತಾರೆ.

ನನ್ನ ಜೊತೆ ಓದಿದವನೊಬ್ಬ ಹಾಗೇ ವ್ರತದ ಅವಧಿ ಮುಗಿದಾಗ ಹೊರಗೆ ಬಂದ. ಊರವರು 'ಓಡಿ ಬಂದ' ಅಂದರು, ಜನರ ಬಾಯಿ ಗೊತ್ತಲ್ಲ. ಇವತ್ತಿಗೂ ನಮ್ಮನೆಗೆ ಬಂದರೆ ಹಾಕಿದ್ದನ್ನ ಊಟ ಮಾಡಿ, ತಟ್ಟೆ ತಾನೇ ತೊಳೆದು, ಒರೆಸಿ, ಸ್ಟ್ಯಾಂಡಿಗೆ ಇಟ್ಟೇ ಕೂರುತ್ತಾನೆ. ಮದುವೆ ಇಲ್ಲದೆ ಇರೋದು ಅವನಿಗೆ ಅಷ್ಟು ಕಷ್ಟ ಆಗಲಿಲ್ಲವಂತೆ. ವಿಧೇಯತೆ ಕಷ್ಟ ಆಯ್ತಂತೆ. ಒಂದೂರಲ್ಲಿ ಹುಡುಗರನ್ನ ಸೇರಿಸಿ ಸಂಜೆ ಪಾಠ ಶುರು ಮಾಡಿದ್ದ, ಅದು ಕೈಗೆ ಹತ್ತುವ ಹೊತ್ತಿಗೆ ಬೇರೆ ಊರಿಗೆ ಹೊರಡು ಅಂದರು. ಜೊತೆಗೆ ತಾನು ಆರಿಸಿಕೊಳ್ಳದ ನಾಲ್ಕು ಜನರ ಮಧ್ಯ ದಿನಾ ಬಾಳಬೇಕು, ಅವರ ಕೆಮ್ಮು, ಅವರ ಮುನಿಸು ಎಲ್ಲ ಸಮೇತ. ನಮ್ಮ ಚರ್ಚಿನ ಫಾದರ್ ಬಿಷಪ್ಪರ ಕೆಳಗಿನವರು, ಬಂಗಲೆಯಲ್ಲಿ ಒಬ್ಬರೇ ಇರುತ್ತಾರೆ, ಬಡತನದ ವ್ರತವೂ ಇಲ್ಲ. ಕಪುಚಿನ್ನರದು ಬೇರೇನೇ ಬದುಕು.

ಲೇ ಹುಡುಗಾ, ನೀನೂ ಓದ್ತಿದ್ದೀಯ ಅಂತ ಗೊತ್ತು. ಆಫೀಸಲ್ಲಿ ಮ್ಯಾನೇಜರ್ ಕಾಟ ನಿಂತು, ಸಂಬಳ ಎರಡು ಪಟ್ಟು ಆದರೂ ಇದೇ ಆಸೆ ಇರುತ್ತಾ? ನನಗೆ ಹೇಳಬೇಡ. ನಿನ್ನ ಪಾಪನಿವೇದನೆ ಕೇಳುವ ಫಾದರ್ ಹತ್ತಿರ ಹೋಗಿ ಕೂತು ಹೇಳು. ಮತ್ತೆ, ಮಠ ಅಂದರೆ ಬರೀ ಜಪ ಅಂದುಕೊಂಡು ಹೋಗಬೇಡ, ಸರದಿ ಬಂದಾಗ ಕಕ್ಕಸ್ಸೂ ತೊಳೀಬೇಕು.

ಮಂಗಳೂರು ಹತ್ತಿರ ಫರಂಗಿಪೇಟೆಯ ಮೊಂತೆ ಮರಿಯಾನೊ ಆಶ್ರಮದಲ್ಲಿ ಕಪುಚಿನ್ನರೇ ಇರೋದು. ಬರುವ ರಜೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಭಾವ, ನೀವೂ ಬನ್ನಿ, ಅನುಮಾನ ಎಲ್ಲ ನೇರ ಅವರನ್ನೇ ಕೇಳಿ.

ಇನ್ನೊಂದು, ಇದನ್ನ ಯಾರೂ ಎತ್ತಲೇ ಇಲ್ಲ. ತೀರಿಸಲಾಗದ ಸಾಲ ಇರುವವರನ್ನ ನೊವಿಶಿಯೇಟಿಗೆ ತೆಗೆದುಕೊಳ್ಳಬಾರದು ಅಂತ ಕ್ಯಾಥೊಲಿಕ್ ಧರ್ಮಸಭೆಯ ಕಾನೂನಲ್ಲೇ ಇದೆ. ಎಜುಕೇಶನ್ ಲೋನ್ ಅವನ ಹೆಸರಲ್ಲೇ ಇದೆ ಅಲ್ವಾ? ಇನ್ನೂ ಎಷ್ಟು ಬಾಕಿ ಇದೆ ಅಂತ ಬ್ಯಾಂಕಿನ ಸ್ಟೇಟ್‌ಮೆಂಟ್ ಫೋಟೋ ತೆಗೆದು ನನಗೊಬ್ಬನಿಗೇ ಕಳಿಸಿ, ಗ್ರೂಪಿಗೆ ಹಾಕಬೇಡಿ.